ಮೀಸೆಗೆ ಎರಡು ಕೋಟು

"ನಾಳೆ ಬೆಳಗ್ಗೆ ನಾನು ಈ ಹೊಸ್ತಿಲು ದಾಟುವಾಗ ನೀನೇ ನನ್ನನ್ನು ನೋಡಿ ‘ಯಾರು ಬೇಕಾಗಿತ್ತು?’ ಅಂತ ಕೇಳಬೇಕು! ಹಾಗೆ ಬದಲಾಗಿರ್ತೀನಿ!" ಎಂದು ಬೈಂಡರ್ ಭಾನುವಾರ ಬೆಳಗ್ಗೆ ಹೆಂಡತಿಯೆದುರು ಘೋಷಿಸಿದ.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಗ್ಯಾಸಿನವನು ಬಂದರೂ ಹಾಗೇ ಕೇಳ್ತೀನಿ. ಅದರಲ್ಲೇನು ವಿಶೇಷ?"

ವಿಶೇಷವಿತ್ತು. ಬೈಂಡರ್ ದುಡಿಯುವ ಪ್ರೆಸ್ಸಿನಲ್ಲಿ ಬೈಂಡಿಂಗ್ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ, ಅವರ ಕುರ್ಚಿ ಖಾಲಿಯಾಗಿತ್ತು. ಸೋಮವಾರ ಯಜಮಾನರು ಬಂದು ಇಬ್ಬರಲ್ಲಿ ಒಬ್ಬನನ್ನು ಅದರಲ್ಲಿ ಕೂರಿಸುವವರಿದ್ದರು. ಒಬ್ಬ ನಮ್ಮ ಬೈಂಡರ್. ಇನ್ನೊಬ್ಬ ಕಟಿಂಗ್ ಮಷಿನ್ನಿನವನು. ಆತ ಬರುವ ಮೊದಲೇ ಅವನ ಪರಿಮಳ ಬರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ‘ಅತ್ತರು’ ಆಗಿದ್ದ. ಅನುಭವ ಬೈಂಡರನದು, ಅಂದ ಅತ್ತರಿನದು.

"ಇಷ್ಟು ವರ್ಷದ ಅನುಭವಕ್ಕೆ ಬೆಲೆ ಇಲ್ವೇನ್ರೀ?"

"ಅನುಭವ ಒಳಪುಟ ಕಣೇ. ಮೊದಲು ಕಣ್ಣಿಗೆ ಬೀಳೋದು ರಟ್ಟು!"

ಬೈಂಡರನ ಬಾಯಲ್ಲಿ ವೇದಾಂತವೂ ರಟ್ಟು ಹಾಕಿಕೊಂಡೇ ಬರುತ್ತಿತ್ತು. ಈ ವೇದಾಂತ ಕಲಿಸಿದ ಗುರು ಅವನ ಪ್ರೆಸ್ಸಿನಲ್ಲೇ ಅಚ್ಚಾಗುವ ಗಂಡಸರ ಮಾಸಪತ್ರಿಕೆ. ಅದರಲ್ಲಿನ ಗಂಡಸರು ಯಾರೂ ನಗುವುದಿಲ್ಲ. ಅಂಗಿಯ ಮೇಲಿನ ಗುಂಡಿಗಳು ಕಳೆದುಹೋದವರಂತೆ ಎದೆ ತೆರೆದು, ಗೋಡೆಗೊರಗಿ, ದವಡೆ ಬಿಗಿದು, ಕಿಟಕಿಯಾಚೆ ದಿಟ್ಟಿಸುತ್ತಾರೆ. ‘ಗಂಡಸು ಮಾತಾಡುವುದಿಲ್ಲ, ಅವನ ಗಡಿಯಾರ ಮಾತಾಡುತ್ತದೆ’ ಎಂಬಂಥ ಮಹಾವಾಕ್ಯಗಳು ಪುಟಕ್ಕೊಂದು. ಅದನ್ನು ಓದಿದಾಗಲೆಲ್ಲ ಬೈಂಡರನಿಗೆ ತನ್ನ ದೇಹದಲ್ಲಿ ಇನ್ನೊಂದು ತಪ್ಪು ಕಾಣಿಸುತ್ತಿತ್ತು. ಭುಜ ಇಳಿಜಾರು. ಗಲ್ಲಕ್ಕೆ ಮೂಲೆಯಿಲ್ಲ. ಕಾಲುಚೀಲದ ಬಣ್ಣವಂತೂ ಗಂಡಸುತನಕ್ಕೇ ಅವಮಾನ!

"ಇವರ ಮುಖ ನೋಡು, ಎಂಥ ಗಾಂಭೀರ್ಯ!" ಎಂದು ಅವನು ಒಮ್ಮೆ ಹೆಂಡತಿಗೆ ಚಿತ್ರ ತೋರಿಸಿದ್ದ.

ಹೆಂಡತಿ ದಂತವೈದ್ಯರ ಬಳಿ ಸಹಾಯಕಿ. ಬಗ್ಗಿ ನೋಡಿ, "ಗಾಂಭೀರ್ಯ ಅಲ್ಲ ರೀ, ದವಡೆಹಲ್ಲು ನೋವು. ನಮ್ಮಲ್ಲಿಗೆ ಹೀಗೇ ಮುಖ ಮಾಡ್ಕೊಂಡು ಬರ್ತಾರೆ" ಅಂದಿದ್ದಳು.

ಈ ತಿಂಗಳ ಸಂಚಿಕೆ ಇನ್ನೂ ಅಂಗಡಿಗೆ ಹೋಗಿರಲಿಲ್ಲ. ಕಟ್ಟುಗಳೆಲ್ಲ ಗೋದಾಮಿನಲ್ಲಿದ್ದವು, ಸೋಮವಾರ ಬೆಳಗ್ಗೆ ಲಾರಿ ಹತ್ತಬೇಕಿತ್ತು. ಕೆಲಸಗಾರರಿಗೆ ಕೊಡುವ ಪ್ರತಿಯನ್ನು ಬೈಂಡರ್ ಎದೆಗವಚಿಕೊಂಡು ತಂದಿದ್ದ. ಅದರಲ್ಲಿತ್ತು ಅವನ ಭಾಗ್ಯದ ಬಾಗಿಲು: ‘ನಾಯಕನಾಗಬೇಕೆ? ಮೀಸೆಯಿಂದ ಶುರುಮಾಡಿ!’

ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಅವನು ಕನ್ನಡಿಯ ಮುಂದೆ ಪತ್ರಿಕೆ ಹರಡಿದ. ‘ಮೀಸೆಯನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ನಂತರ’ ಎನ್ನುವಲ್ಲಿ ಪುಟ ಮುಗಿದಿತ್ತು. ತೊಳೆದ, ಒರೆಸಿದ, ಎದುರಿನ ಪುಟಕ್ಕೆ ಬಂದ.

‘ನವಿರಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಅರಗಿನ ಪಾಲಿಶನ್ನು ಹತ್ತಿಯಲ್ಲಿ ಅದ್ದಿ, ಎಳೆಗಳ ದಿಕ್ಕಿನಲ್ಲೇ ಹಚ್ಚಿ. ಒಣಗಿದ ಮೇಲೆ ಎರಡನೆಯ ಕೋಟು ಕೊಡಿ. ಕಾಲುಗಳನ್ನು ಮರೆಯಬೇಡಿ.’

ನಿಮಗೆ ಅನುಮಾನ ಬರಬಹುದು. ಬೈಂಡರನಿಗೆ ಬರಲಿಲ್ಲ. ಅದೇ ಪತ್ರಿಕೆ ಹಿಂದೊಮ್ಮೆ ಮುಖಕ್ಕೆ ಇದ್ದಿಲು ಬಳಿಯಿರಿ ಅಂದಿತ್ತು, ಬಳಿದಿದ್ದ. ಕೆಸರಿನಲ್ಲಿ ಕುತ್ತಿಗೆ ಮುಚ್ಚಿಕೊಳ್ಳಿ ಅಂದಿತ್ತು, ಮುಚ್ಚಿಕೊಂಡಿದ್ದ. ಇದ್ದಿಲು, ಕೆಸರು ದಾಟಿ ಬಂದವನಿಗೆ ಅರಗು ಯಾವ ಲೆಕ್ಕ! ನೆಟ್ಟಗೆ ಹಾರ್ಡ್‌ವೇರ್ ಅಂಗಡಿಗೆ ನಡೆದ.

"ಪಾಲಿಶ್ ಯಾವುದಕ್ಕೆ ಸರ್? ಬಾಗಿಲಿಗೋ, ಬೀರುವಿಗೋ?"

"ಮುಂಭಾಗಕ್ಕೆ!" ಎಂದ ಬೈಂಡರ್, ಗಂಭೀರವಾಗಿ ಬೀದಿಯ ಕಡೆ ದಿಟ್ಟಿಸುತ್ತ.

"ಹಾಗಾದ್ರೆ ಇದನ್ನೇ ತಗೊಳ್ಳಿ. ಮಳೆ ಹೊಡೀಲಿ, ಬಿಸಿಲು ಹೊಡೀಲಿ, ಜಪ್ಪಯ್ಯ ಅಂದ್ರೂ ಕದಲಲ್ಲ."

ಕದಲಲಿಲ್ಲ! ಮೊದಲ ಕೋಟಿಗೆ ಮೀಸೆ ಮಿನುಗಿತು. ಎರಡನೆಯದಕ್ಕೆ ತುದಿಗಳು ಮೇಲೆದ್ದು ಬೀರುವಿನ ಹಿಡಿಗಳಂತೆ ನಿಂತವು. ಕಾಲಿನ ರೋಮಗಳು ಒಂದೇ ದಿಕ್ಕಿಗೆ ಶರಣಾಗಿ ಮಲಗಿದವು. ‘ಒಣಗುವವರೆಗೆ ಗಾಳಿಯಾಡುವ ಕಡೆ ನಿಲ್ಲಿಸಿ, ಗೋಡೆಗೆ ಒರಗಿಸಬೇಡಿ, ಮೇಲೆ ಬಿಸಿ ಲೋಟ ಇಡಬೇಡಿ’ ಎಂದಿತ್ತು. ಬೈಂಡರ್ ಚಡ್ಡಿಯಲ್ಲಿ ಬಾಲ್ಕನಿಯ ನಡುಮಧ್ಯೆ ನಿಂತ. ತಾಯಿ ತಂದ ಬಿಸಿ ಕಾಫಿಯನ್ನು ಕೈಸನ್ನೆಯಲ್ಲೇ ವಾಪಸು ಕಳಿಸಿದ. ಇಳಿಬಿಸಿಲು ಮೀಸೆಯ ಮೇಲೆ ಬಿದ್ದು ಎದುರುಮನೆಯ ಗೋಡೆಯಲ್ಲಿ ಪುಟ್ಟದೊಂದು ಬೆಳಕಿನ ಚೂರು ಆಡತೊಡಗಿತು. ಬೈಂಡರನಿಗೆ ತನ್ನ ಬಾಳಿನಲ್ಲೇ ಮೊದಲ ಸಲ ತಾನು ಚಂದ ಎನಿಸಿತು. ನಗಲು ಹೋದ.

ಆಗಲಿಲ್ಲ!

ಹೆಂಡತಿ ಬಂದಾಗ ಗಂಡ ಬಾಲ್ಕನಿಯಲ್ಲಿ ವಿಗ್ರಹವಾಗಿದ್ದ. ಅವಳು ಹತ್ತಿರ ಬಂದು, ಹಲ್ಲು ಪರೀಕ್ಷಿಸುವವಳಂತೆ ಮೀಸೆಯನ್ನು ಉಗುರಿನಿಂದ ತಟ್ಟಿದಳು. ಟಕ್ ಟಕ್.

"ಅತ್ತೇ, ಬೇಗ ಬನ್ನಿ! ನಿಮ್ಮ ಮಗ ಗಟ್ಟಿಯಾಗಿಬಿಟ್ಟಿದ್ದಾರೆ!"

ತಾಯಿ ಕನ್ನಡಕ ಏರಿಸಿ ಮಗನ ಸುತ್ತ ಒಂದು ಸುತ್ತು ಹಾಕಿದರು. "ಹುಟ್ಟಿದಾಗಿಂದ ಇಷ್ಟು ಹೊತ್ತು ಮಾತಾಡದೆ ನಿಂತಿದ್ದು ಇದೇ ಮೊದಲು ಕಣೆ. ತೆಗೀಲೇಬೇಕಾ?"

"ಬಿಸಿನೀರಿಗೆ ಬಗ್ಗಲ್ಲ, ಎಣ್ಣೆಗೆ ಬಗ್ಗಲ್ಲ. ಬೋಳಿಸಿಬಿಡ್ಲಾ ರೀ?"

ಬೈಂಡರ್ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. ಬೋಳು ತುಟಿಯಲ್ಲಿ ಯಜಮಾನರ ಮುಂದೆ ನಿಲ್ಲುವುದೇ! ಆ ಕುರ್ಚಿಯನ್ನು ಅತ್ತರಿಗೆ ತಾನೇ ಹೊತ್ತುಕೊಂಡು ಹೋಗಿ ಕೊಟ್ಟಂತೆ!

ಹೆಂಡತಿ ಪತ್ರಿಕೆ ಎತ್ತಿಕೊಂಡು ಆ ಪುಟವನ್ನು ಕೊನೆಯವರೆಗೆ ಓದಿದಳು. ಅವಳ ಭುಜ ಕುಲುಕತೊಡಗಿತು. "ಕೊನೇ ಸಾಲು ಓದಿದ್ರಾ? ‘ಈಗ ಡ್ರಾಯರುಗಳು ಸಲೀಸಾಗಿ ಜಾರುತ್ತವೆ.’ ನಿಮಗೆ ಡ್ರಾಯರು ಎಲ್ಲಿದೆ ರೀ?"

ಬೈಂಡರ್ ಪತ್ರಿಕೆ ಕಸಿದುಕೊಂಡ. ಪುಟದ ಅಂಚು ನೋಡಿದ. ಅಲ್ಲಿ ಸಣ್ಣಕ್ಷರದಲ್ಲಿ ಬೇರೆಯೇ ಪತ್ರಿಕೆಯ ಹೆಸರಿತ್ತು. ಅವನ ಪ್ರೆಸ್ಸಿನಲ್ಲೇ ಅಚ್ಚಾಗುವ ಇನ್ನೊಂದು ಮಾಸಪತ್ರಿಕೆಯಿತ್ತು, ಮೇಜು ಕುರ್ಚಿ ಬೀರುಗಳದ್ದು. ಅದೇ ಅಳತೆ, ಅದೇ ಅಕ್ಷರ. ಅದರ ಹಾಳೆಗಳು ಗಂಡಸರ ಪತ್ರಿಕೆಯೊಳಗೆ ಸೇರಿ ಹೊಲಿಗೆ ಬಿದ್ದಿದ್ದವು! ಶುಕ್ರವಾರ ಹಾಳೆಗಳನ್ನು ಸರದಿಯಂತೆ ಜೋಡಿಸುವ ಮೇಜಿನಲ್ಲಿ ಕೂತಿದ್ದ ಒಬ್ಬಾತ, ಮುಖಪುಟದ ಗಂಡಸಿನ ದವಡೆಯ ಮೂಲೆಯನ್ನೇ ಮೈಮರೆತು ನೋಡುತ್ತ, ಕೈಗೆ ಸಿಕ್ಕ ರಾಶಿಯಿಂದ ಹಾಳೆ ಎಳೆದೆಳೆದು ಜೋಡಿಸಿದ್ದ. ಆ ಒಬ್ಬಾತ ಯಾರೆಂದು ಬೈಂಡರನಿಗೆ ಚೆನ್ನಾಗಿ ಗೊತ್ತಿತ್ತು.

"ಯಾರೋ... ಹಾಳೆ ಸರಿಯಾಗಿ ಜೋಡಿಸಿಲ್ಲ," ಎಂದು ತುಟಿ ಅಲುಗದಂತೆ ಗೊಣಗಿದ.

ಹೆಂಡತಿ ಅವನ ಬೆರಳುಗಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. "ಯಾರಾದರೂ ಆಗಲಿ. ಲಾರಿ ಹೋದರೆ ನಾಡಿದ್ದಿಗೆ ಊರಿನ ಗಂಡಸರೆಲ್ಲ ಬೀರುಗಳಾಗ್ತಾರೆ. ಅವರ ಹೆಂಡತಿಯರ ಗತಿ ಏನು? ಹೋಗಿ ಹೇಳಿ."

"ಕುರ್ಚಿ ಹೋಗತ್ತೆ!"

"ಹೋದರೆ ಹೋಗಲಿ. ಪಾಲಿಶ್ ಮಾಡಿದ್ದೊಂದು ಮನೇಲೇ ಇದೆಯಲ್ಲ."

ಸೋಮವಾರ ಬೆಳಗ್ಗೆ ಬೈಂಡರ್ ಬಿರುಸಾಗಿ ನಡೆದ. ಪ್ಯಾಂಟು ಕಾಲಿಗಂಟಿ ಹೆಜ್ಜೆಗೊಮ್ಮೆ ಪಟ್ ಪಟ್ ಎನ್ನುತ್ತಿತ್ತು. ಪ್ರೆಸ್ಸಿನ ಅಂಗಳದಲ್ಲಿ ಲಾರಿ ತುಂಬಿ ನಿಂತಿತ್ತು. ಪಕ್ಕದಲ್ಲಿ ಯಜಮಾನರು, ಅವರ ಪಕ್ಕದಲ್ಲಿ ಘಮಘಮಿಸುವ ಅತ್ತರು. ಬೈಂಡರ್ ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತ. "ಪುಟ ಬದಲಾಗಿದೆ, ಯಜಮಾನ್ರೇ!" ಎಂದು ಕೂಗಬೇಕಿತ್ತು. ಮೇಲ್ತುಟಿ ಮಡಚದ ಮನುಷ್ಯನಿಗೆ ಪಕಾರ, ಬಕಾರ, ಮಕಾರ ಎಲ್ಲಿಂದ ಬರಬೇಕು!

"ಹುಟ ಹದಲಾಗಿದೆ, ಯಜಹಾನ್ರೇ!"

"ಯಾವ ಭಾಷೆಯಯ್ಯಾ ಇದು?"

"ಸಾರ್, ಏನೋ ಕುಡಿದು ಬಂದಿದ್ದಾನೆ," ಎಂದ ಅತ್ತರು, ಮೂಗು ಮುಚ್ಚಿಕೊಂಡು. "ವಾರ್ನಿಶ್ ವಾಸನೆ ಬರ್ತಿದೆ!"

ಬೈಂಡರ್ ಮಾತು ಬಿಟ್ಟ. ಒಂದು ಕಟ್ಟು ಬಿಚ್ಚಿ, ಪ್ರತಿ ತೆಗೆದು, ಆ ಪುಟದ ಮೇಲೆ ಬೆರಳಿಟ್ಟ. ಆಮೇಲೆ ಅದೇ ಬೆರಳನ್ನು ಮೀಸೆಯ ಮೇಲಿಟ್ಟ. ಯಜಮಾನರು ಓದಿದರು. ಮೀಸೆ ನೋಡಿದರು. ಮತ್ತೆ ಓದಿದರು. ಮುಂದೆ ಬಂದು ಬಾಗಿಲು ಬಡಿಯುವಂತೆ ತಟ್ಟಿದರು. ಟಕ್ ಟಕ್.

"ಲಾರಿ ಇಳಿಸ್ರೋ!" ಎಂದು ಅವರು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿತು.

ಕಟ್ಟುಗಳೆಲ್ಲ ಇಳಿದವು. ಹೊಲಿಗೆ ಬಿಚ್ಚಿತು. ಮಧ್ಯಾಹ್ನದ ಹೊತ್ತಿಗೆ ಬೀರುಗಳು ಬೀರುಗಳ ಪತ್ರಿಕೆಗೂ ಗಂಡಸರು ಗಂಡಸರ ಪತ್ರಿಕೆಗೂ ಮರಳಿದರು. ಯಜಮಾನರು ಎಲ್ಲರನ್ನೂ ಕರೆದು, ಬೈಂಡರನ ಹೆಗಲ ಮೇಲೆ ಕೈಯಿಟ್ಟರು. "ನಾವು ಅಚ್ಚು ಹಾಕಿದ್ದನ್ನು ಈ ಪ್ರೆಸ್ಸಿನಲ್ಲಿ ಯಾರಾದರೂ ಓದ್ತೀರೇನ್ರಯ್ಯಾ? ಇವನು ಓದಿದ್ದಷ್ಟೇ ಅಲ್ಲ, ಮೈಮೇಲೇ ಪ್ರಯೋಗ ಮಾಡಿ ಪರೀಕ್ಷಿಸಿದ್ದಾನೆ! ಇವತ್ತಿಂದ ಇವನೇ ಮುಖ್ಯಸ್ಥ!"

ಚಪ್ಪಾಳೆಯೋ ಚಪ್ಪಾಳೆ! ಅತ್ತರು ಕೂಡ ತಟ್ಟಿದ. ಬೈಂಡರ್ ಆ ಕುರ್ಚಿಯಲ್ಲಿ ಕೂತು, ದವಡೆ ಬಿಗಿದು, ಕಿಟಕಿಯಾಚೆ ದಿಟ್ಟಿಸಿದ. ಬೇರೆ ಮುಖ ಮಾಡಲು ಅವನಿಗೆ ಸಾಧ್ಯವೂ ಇರಲಿಲ್ಲ.

ಯಜಮಾನರು ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತರು. "ಹ್ಞಾ, ಮರೆತಿದ್ದೆ. ಆ ಹಾಳೆ ತಪ್ಪಾಗಿ ಜೋಡಿಸಿದ ಮಹಾನುಭಾವ ಯಾರು ಅಂತ ಹುಡುಕಿ ಸರಿಯಾಗಿ ವಿಚಾರಿಸಿಕೋ. ಅದೇ ನಿನ್ನ ಮೊದಲ ಕೆಲಸ!"

ಸಂಜೆ ಬಚ್ಚಲಮನೆಯ ಸ್ಟೂಲಿನ ಮೇಲೆ ವಿಜಯಶಾಲಿ ಕೂತಿದ್ದ. ಹೆಂಡತಿ ಅವನ ಗಲ್ಲ ಹಿಡಿದೆತ್ತಿ, ರೇಜರಿನಿಂದ ಮೀಸೆಯ ಎಡಭಾಗ ಇಳಿಸಿದಳು. ಅದು ಕೆಳಗೆ ಬಿದ್ದು ಟಣ್ ಎಂದಿತು. ಬೈಂಡರನಿಗೆ ಅರ್ಧ ಬಾಯಿ ಮರಳಿ ಬಂತು.

"ಅಪರಾಧಿ ಸಿಕ್ಕನೇ, ಮುಖ್ಯಸ್ಥರೇ?"

"ಸಿಕ್ಕ," ಎಂದ ಬೈಂಡರ್, ಗೋಡೆ ನೋಡುತ್ತ. "ಚೆನ್ನಾಗಿ ಎಚ್ಚರಿಕೆ ಕೊಟ್ಟೆ. ಆದರೆ ಪಾಪ, ಸಂಸಾರಸ್ಥ. ಮನೇಲಿ ವಯಸ್ಸಾದ ತಾಯಿ, ಬಂಗಾರದಂಥ ಹೆಂಡತಿ. ಅವರ ಮುಖ ನೋಡಿ ಕ್ಷಮಿಸಿಬಿಟ್ಟೆ."

"ದೊಡ್ಡ ಮನಸ್ಸು ನಿಮ್ಮದು," ಎಂದಳು ಹೆಂಡತಿ, ರೇಜರನ್ನು ನೀರಿಗದ್ದಿ ಬಲಭಾಗಕ್ಕೆ ತರುತ್ತ. "ಹೆಂಡತಿ ಮಾತ್ರ ಇನ್ನೂ ಕ್ಷಮಿಸಿಲ್ಲವಂತೆ, ನಾಳೆ ಸಿಕ್ಕಿದರೆ ಹೇಳಿ ಅವನಿಗೆ. ಈಗ ಬಾಯಿ ಮುಚ್ಚಿ."