ಹಂಡೆಗೆ ಹಿಡಿದ ಗಾಳಿ

ದೆವ್ವ ಭೂತಗಳನ್ನು ನಂಬದವರಲ್ಲಿ ಎರಡು ಬಗೆ. ನಿಜವಾಗಿಯೂ ನಂಬದವರು ಒಂದು ಬಗೆ, ಬೆಳಕಿರುವ ತನಕ ನಂಬದವರು ಇನ್ನೊಂದು ಬಗೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು, ಕೆಲಸದ ಮರ್ಯಾದೆಗಾದರೂ ಮೊದಲ ಬಗೆಯವನಂತೆ ಓಡಾಡಿಕೊಂಡಿದ್ದೆ. ಆದರೆ ಹೊಳೆನರಸೀಪುರದ ಬಾಡಿಗೆ ಮನೆಯಲ್ಲಿ, ಹಾಡಹಗಲು ಹತ್ತು ಗಂಟೆಗೆ, ಬಚ್ಚಲುಮನೆಯ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದವನೂ ನಾನೇ. ಇದು ನಡೆದದ್ದು ಐವತ್ತೆಂಟನೇ ಇಸವಿಯೋ ಐವತ್ತೊಂಬತ್ತೋ ಇರಬೇಕು.

ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ ತಾಮ್ರದ ಹಂಡೆ ಅದು. ನಾವು ಬಂದಾಗಿನಿಂದಲೂ ಸೋಮಾರಿ. ನಾಲ್ಕು ತೆಂಗಿನ ಮಟ್ಟೆಗೆ ಕಾಯಬೇಕಾದ ನೀರಿಗೆ ಹತ್ತು ತಿನ್ನುತ್ತಿತ್ತು. ನಮಗಿಂತ ಮುಂಚೆ ಇದ್ದವರು ಆರೇ ತಿಂಗಳಿಗೆ ಮನೆ ಖಾಲಿ ಮಾಡಿದ್ದರಂತೆ. ಯಾಕೆಂದು ಪಕ್ಕದ ಮನೆಯವರನ್ನು ಕೇಳಿದರೆ, "ಏನಿಲ್ಲ ಬಿಡಿ" ಎಂದು, ಏನೋ ಇದೆ ಎನ್ನುವ ದನಿಯಲ್ಲಿ ಹೇಳಿದರು. ನಾನು ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡೆ, ದನಿಯನ್ನು ಬಿಟ್ಟೆ.

ಅದೇ ಮನೆಗೆ, ಅರಕಲಗೂಡಿಗೆ ಕೊಟ್ಟಿದ್ದ ನನ್ನ ತಂಗಿ ನಾಗು ಹೆರಿಗೆಗೆ ಬಂದಳು. ಅವಳ ಮೊದಲ ಕೂಸು ಹುಟ್ಟಿದ ಎಂಟನೆಯ ದಿನ ಶೀತ ತಗುಲಿ ಹೋಗಿಬಿಟ್ಟಿತ್ತು. ಈ ಸಲವೂ ಗಂಡುಮಗುವೇ ಹುಟ್ಟಿತು. ಆದರೆ ಮನೆಯಲ್ಲಿ ಯಾರೂ ಜೋರಾಗಿ ಸಂತೋಷಪಡಲಿಲ್ಲ. ಎಂಟು ದಿನ ಕಳೆಯಲಿ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಬಾಣಂತಿಗೆ ನೀರು ಹಾಕಲು ಬರುತ್ತಿದ್ದ ಸಣ್ಣಮ್ಮನೆಂಬ ಮುದುಕಿ ಮೂರನೆಯ ದಿನ ನನ್ನನ್ನು ಕರೆದು, "ಮನೇಲಿರೋ ತೂತು ಗೀತು ಎಲ್ಲಾ ಮುಚ್ಚಿಬುಡಿ ಸಾ. ಕೂಸಿಗೆ ಗಾಳಿ ಸೋಕ್ಬಾರ್ದು" ಎಂದಳು. ಅವಳು ಹೇಳಿದ ಗಾಳಿ ಯಾವುದೆಂದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. "ಶೀತಗಾಳಿ ತಡೆಯೋದು ಒಳ್ಳೇದೇ" ಎಂದು ಅದಕ್ಕೊಂದು ವೈಜ್ಞಾನಿಕ ಅಂಗಿ ತೊಡಿಸಿ, ನನ್ನ ಹಳೆಯ ಕೆಂಪಂಚಿನ ಪಂಚೆ ಹರಿದು, ಕೆಮ್ಮಣ್ಣು ಕಲಸಿಕೊಂಡು ಕೆಲಸಕ್ಕಿಳಿದೆ. ಕಿಟಕಿಯ ಸಂದು, ಇಲಿಯ ಬಿಲ, ಹೆಂಚಿನ ಬಿರುಕು, ಹಿತ್ತಲಲ್ಲಿ ಹರಳು ಗಿಡದ ಮರೆಗೆ ಗೋಡೆಯಲ್ಲಿದ್ದ ಹಾವಿನ ಬಿಲದಂಥ ಕಂಡಿ, ಒಂದನ್ನೂ ಬಿಡಲಿಲ್ಲ. ನಾನು ಯಾವ ಕೆಲಸವನ್ನೂ ಅರ್ಧ ಮಾಡುವವನಲ್ಲ.

ಮಾರನೆಯ ಬೆಳಗ್ಗೆ ಹೇಮಾವತಿಯ ಮೇಲಿನ ಮಂಜು ಬೀದಿಗೆಲ್ಲ ಹಬ್ಬಿತ್ತು. ಹಂಡೆಯ ಒಲೆಗೆ ಬೆಂಕಿ ಹಾಕಿದೆ. ಹತ್ತಿದ ಬೆಂಕಿ ಗಳಿಗೆ ಹೊತ್ತು ಉರಿದು, 'ಹ್ಞೂಂ' ಎಂದು ನಿಟ್ಟುಸಿರು ಬಿಟ್ಟು ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ನಿಟ್ಟುಸಿರು. ಮಟ್ಟೆ ಹಸಿಯಿರಬೇಕೆಂದು ಕರಟ ಹಾಕಿದೆ. ಬೂದಿ ಬಾಚಿದೆ. ಸೀಮೆಎಣ್ಣೆ ಸುರಿದು ಹುಬ್ಬು ಸುಟ್ಟುಕೊಂಡೆ. ಹೊಗೆ ಮೇಲೇಳುವುದು ಬಿಟ್ಟು ನೆಲದ ಮೇಲೆ ತೆವಳಿಕೊಂಡು ನಡುಮನೆ ದಾಟಿ, ಬಾಣಂತಿಯ ಕೋಣೆಯ ಹೊಸಿಲ ಹತ್ತಿರ ಹೋಗಿ ನಿಂತಿತು. ಒಳಗೆ ಬರಲೇ ಎಂದು ಕೇಳುವ ಹಾಗೆ ನಿಂತಿತು. ನಾಗು ಮಗುವನ್ನು ಅವಚಿಕೊಂಡು, "ಅಣ್ಣಯ್ಯಾ, ಬಚ್ಚಲುಮನೆ ಗೋಡೆಯೊಳಗೆ ಯಾರೋ ಉಸಿರಾಡ್ತಾರೆ ಕಣಣ್ಣಾ" ಎಂದಳು. "ಹುಚ್ಚಿ" ಎಂದು ಗದರಿಸಿ ಬಚ್ಚಲಿಗೆ ಹೋಗಿ ಗೋಡೆಗೆ ಕಿವಿಯಿಟ್ಟೆ. ಉಸಿರಾಡುತ್ತಿತ್ತು. ನೀರಿಗೆ ಕೈ ಹಾಕಿದರೆ ಮೇಲೆ ಉಗುರುಬೆಚ್ಚಗೆ, ಮೊಣಕೈ ಮುಳುಗುವಲ್ಲಿ ಕೊರೆಯುವ ಥಂಡಿ. ಕೆಳಗಿನಿಂದ ಯಾರೋ ಮೆಲ್ಲಗೆ ಕೈ ಹಿಡಿದಂತಾಗಿ ಚಂಗನೆ ಹಿಂದಕ್ಕೆ ಎಳೆದುಕೊಂಡೆ.

ನಾಲ್ಕು ದಿನ ಹೀಗೇ ನಡೆಯಿತು. ಅಮ್ಮ ಅಡುಗೆ ಒಲೆಯ ಮೇಲೆ ಚೆಂಬು ಚೆಂಬು ನೀರು ಕಾಯಿಸಿ ತರುತ್ತಿದ್ದಳು. ಬಾಣಂತಿಗೆ ಸುರಿಯುವ ಹೊತ್ತಿಗೆ ಅದೂ ಆರಿರುತ್ತಿತ್ತು. ಮಗು ಸೀನತೊಡಗಿತು. ಹಂಡೆಗೆ ಅರಿಸಿನ ಕುಂಕುಮ ಬಂತು, ಒಲೆಯ ಬಾಯಿಗೆ ನಿಂಬೆಹಣ್ಣು ಬಂತು. ನಿಂಬೆಹಣ್ಣು ಇಟ್ಟವನು ನಾನೇ. ಶಾಲೆಯಲ್ಲಿ ಅದೇ ವಾರ ಶಾಖದ ಪಾಠ. ಬೆಂಕಿ ಏಕೆ ಉರಿಯುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಬಂದವನಿಗೆ ನನ್ನ ಮನೆಯ ಬೆಂಕಿ ಏಕೆ ಉರಿಯದೆಂದು ಗೊತ್ತಾಗಲಿಲ್ಲ. ಎಂಟನೆಯ ದಿನ ಬೆಳಗ್ಗೆ ಮಗು ಹಾಲು ಕುಡಿಯಲಿಲ್ಲ. ನಾಗು ಅಳಲಿಲ್ಲ, ಗೋಡೆಯನ್ನೇ ನೋಡುತ್ತ ಕೂತಳು. ಆ ಮುಖ ಕಂಡು ನಾನು ನೇರ ಬಚ್ಚಲುಮನೆಗೆ ಹೋಗಿ ಹಂಡೆಯ ಮುಂದೆ ಕೂತೆ. ಮೇಲೆ ಹೇಳಿದ ದೇವರ ಹೆಸರುಗಳ ಪ್ರಸಂಗ ನಡೆದದ್ದು ಆಗಲೇ.

ಮಗುವಿನ ಹೊಟ್ಟೆಗೆ ಕಾವು ಕೊಡಲು ಹರಳೆಲೆ ಕೀಳಲೆಂದು ಸಣ್ಣಮ್ಮ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ, "ಸಾ, ವಸಿ ಬನ್ನಿ ಇಲ್ಲಿ" ಎಂದು ಕರೆದಳು. ಹೋದರೆ, ಹರಳು ಗಿಡದ ಹಿಂದಿನ ಕಂಡಿಯ ಮುಂದೆ ನಿಂತಿದ್ದಾಳೆ. "ಇದ್ಯಾರು ಮುಚ್ಚಿದ್ದು? ವಲೆ ವಗೆ ಓಗೋ ಕಂಡಿ ಕಣ್ ಸಾ ಇದು" ಎಂದು ಮಣ್ಣು ಕೆದರಿ ಎಳೆದಳು. ಕೆಂಪಂಚಿನ ಪಂಚೆ ಮೊಳಗಟ್ಟಲೆ ಹೊರಗೆ ಬಂತು. ನಾನು ಭೂಮಿ ಬಾಯಿಬಿಡಲಿ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು, "ಇನ್ನೂ ಏನೋ ಐತೆ" ಎಂದು ಭುಜದವರೆಗೆ ಕೈ ತೂರಿಸಿದಳು. ಈ ಸಲ ಬಂದದ್ದು ನನ್ನದಲ್ಲ. ಮಸಿ ಹಿಡಿದು ಸೆಟೆದುಹೋದ ಹಳೇ ಸೀರೆಯ ಚೂರು, ಅದರೊಳಗೆ ಸುತ್ತಿಕೊಂಡಿದ್ದ ಒಂದು ಪುಟ್ಟ ಕುಲಾವಿ.

ಹಿಂದಿದ್ದವರ ಮನೆಯಲ್ಲೂ ಒಬ್ಬ ಬಾಣಂತಿ ಇದ್ದಿರಬೇಕು, ಅರ್ಧ ಕೆಲಸ ಮಾಡದ ಒಬ್ಬ ಬುದ್ಧಿವಂತನೂ ಇದ್ದಿರಬೇಕು. "ಆ ಮಗು ಏನಾಯ್ತು ಸಣ್ಣಮ್ಮ?" ಎಂದೆ. ಅವಳು ಕುಲಾವಿಯನ್ನು ಮಡಿಲಿಗೆ ಹಾಕಿಕೊಂಡು, "ಓಗಿ ಬೆಂಕಿ ಆಕಿ ಸಾ" ಎಂದಳು, ಅಷ್ಟೇ. ನಾನು ಮತ್ತೆ ಕೇಳಲಿಲ್ಲ. ಈಗಲೂ ನನ್ನನ್ನು ಕಾಡುವುದು ಅದೊಂದೇ.

ಎರಡು ಮಟ್ಟೆಗೇ ನೀರು ಕುದಿಯಿತು. ನಾಗು ಹಬೆಯ ನಡುವೆ ಕೂತು ವಾರದಲ್ಲಿ ಮೊದಲ ಸಲ ನಕ್ಕಳು. ಸಂಜೆಗೆ ಮಗು ಹಾಲು ಕುಡಿಯಿತು. ಏನಾಗಿತ್ತು ಎಂದು ಅಮ್ಮ ಕೇಳಿದ್ದಕ್ಕೆ ಸಣ್ಣಮ್ಮ ನನ್ನತ್ತ ಒಮ್ಮೆ ನೋಡಿ, "ಗಾಳಿ ಕಣವ್ವ. ಬುಟ್ಟೋಯ್ತು" ಎಂದಳು. ವಿಜ್ಞಾನದ ಮೇಷ್ಟ್ರು ತಲೆಯಾಡಿಸಿದರು.

ಮುಂದಿನ ವರ್ಷ ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಆ ಮನೆ ಬಿಟ್ಟೆವು. ಬಾಡಿಗೆಗೆ ಬರುವವರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು, "ಆ ಮನೇಲಿ ಏನೋ ಇದೆಯಂತಲ್ಲ ಮೇಷ್ಟ್ರೇ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಬಾಯಿ ತೆರೆದು ಎಲ್ಲವನ್ನೂ ಹೇಳಿಬಿಡಬೇಕೆಂದುಕೊಂಡೆ. ಆಗಲಿಲ್ಲ. "ಇತ್ತು. ಈಗ ಹೆದರಬೇಡಿ, ನಾವು ಮನೆ ಬಿಟ್ಟಾಗ ಅದೂ ನಮ್ಮ ಜೊತೆಯಲ್ಲೇ ಹೊರಟುಬಂತು" ಎಂದು ಬಸ್ಸು ಹತ್ತಿದೆ.