ತೋಟ ನೋಡಲು ಬಂದ ಮಾವ

ಕುರುಗೋಡಿನ ಹತ್ತಿರ ನನಗಿದ್ದದ್ದು ಮೂರೂವರೆ ಎಕರೆ ಅಂಜೂರದ ತೋಟ, ಒಂದು ಬಾವಿ, ಜೋಡಿ ಎತ್ತು, ಒಂದು ಎಮ್ಮೆ, ಒಂದು ಆಡು, ಮತ್ತೆ ಎಣಿಸಲು ಎಂದೂ ನಿಂತು ಕೊಡದ ಕೋಳಿಗಳು. ಇಷ್ಟು ಇಟ್ಟುಕೊಂಡವನು ಮಾನ ಕಳೆದುಕೊಳ್ಳಲು ಊರಾಚೆ ಹೋಗಬೇಕಾಗಿಲ್ಲ. ಪ್ರಸಂಗಗಳು ತಾವೇ ಮನೆಗೆ ಬರುತ್ತವೆ. ಬೀಗರು ಬಂದ ದಿನವಂತೂ ತಪ್ಪದೆ ಬರುತ್ತವೆ.

ಎರಡನೇ ಮಹಾಯುದ್ಧ ಮುಗಿದು ವರ್ಷವಾಗಿತ್ತು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ತವರೂರಾದ ಸಿರಿಗೇರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತು. ನಮ್ಮಲ್ಲಿ ಬಾಣಂತಿಯನ್ನು ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ಕಳಿಸುತ್ತಾರೆ, ಸಮ ತಿಂಗಳಲ್ಲಿ ಕಳಿಸುವುದಿಲ್ಲ. ಮೂರನೇ ತಿಂಗಳಲ್ಲಿ ಮಾವ ಹೇಳಿ ಕಳಿಸಿದರು: "ಬ್ಯಾಸಿಗಿ ಬಂತು. ನಿಮ್ಮ ಮನ್ಯಾಗ ಹಾಲೈತೋ ಇಲ್ಲೋ, ತೋಟದಾಗ ನೀರೈತೋ ಇಲ್ಲೋ, ನಾನು ಕಣ್ಣಾರೆ ನೋಡಬೇಕು. ಆಮ್ಯಾಲ ಮಗಳನ್ನ ಕಳಿಸೋ ಮಾತು."

ಏಳನೇ ತಿಂಗಳು ಆಷಾಢಕ್ಕೆ ಬೀಳುತ್ತಿತ್ತು. ಆಷಾಢದಲ್ಲಿ ಕಳಿಸುವ ಪ್ರಶ್ನೆಯೇ ಇಲ್ಲ. ಅಂದರೆ ಐದನೇ ತಿಂಗಳು ತಪ್ಪಿದರೆ, ನಾನು ಮಗಳನ್ನು ಮನೆಗೆ ಕರೆತರುವಷ್ಟರಲ್ಲಿ ಅವಳು ತಾನೇ ನಡೆದುಕೊಂಡು ಬರುವಂತಾಗುತ್ತಿತ್ತು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಕರು

ನಮ್ಮ ಎಮ್ಮೆಯ ಕರು ಹುಟ್ಟಿದ ಹದಿನೈದು ದಿನಕ್ಕೇ ಸತ್ತುಹೋಗಿತ್ತು. ಕರು ಮುಂದಿಲ್ಲದೆ ಎಮ್ಮೆ ಹಾಲು ಬಿಡುವುದಿಲ್ಲ. ಅದಕ್ಕೇ ಅವ್ವ ಎಲ್ಲರೂ ಮಾಡುವಂತೆ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ, ಹೊಲಿಸಿ, ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದಳು. ಎಮ್ಮೆ ಅದನ್ನು ನೆಕ್ಕುತ್ತ ನಿಂತರೆ ಅವ್ವ ಹಿಂಡಿಕೊಳ್ಳುತ್ತಿದ್ದಳು.

ಮಾವ ಹಾಲು ನೋಡಲು ಬರುವ ದಿನವೇ ಆಡು ಹಗ್ಗ ಬಿಚ್ಚಿಕೊಂಡು, ಕರುವಿನ ಹೊಟ್ಟೆಯ ಹೊಲಿಗೆ ಕಿತ್ತು, ಒಳಗಿನ ಹುಲ್ಲನ್ನೆಲ್ಲ ತಿಂದುಬಿಟ್ಟಿತ್ತು. ಉಳಿದದ್ದು ಬರೀ ತೊಗಲು. ಎಮ್ಮೆ ಅವ್ವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ, ಎರಡು ಸಲ ಚರಿಗೆ ಒದೆಯಿತು. ಊರ ಕಡೆಯ ದಾರಿಯಲ್ಲಿ ಮಾವನ ಬಿಳಿ ರುಮಾಲು ಕಾಣಿಸತೊಡಗಿತ್ತು.

ಅವ್ವ ತೊಗಲನ್ನು ನನ್ನ ಮೇಲೆ ಎಸೆದು, "ಹೊದ್ಕೊಂಡು ಕುಂದ್ರಲೇ. ಒಂದು ಚರಗಿ ತುಂಬೋತನ ಅಷ್ಟ," ಅಂದಳು.

ಹೆಂಡತಿ ಮಕ್ಕಳು ಬೇಕೆಂದರೆ ಏನೆಲ್ಲ ಮಾಡಬೇಕಾಗುತ್ತದೆ. ತೊಗಲು ಹೊದ್ದು, ಕೈ ಮೊಣಕಾಲು ಊರಿ ಎಮ್ಮೆಯ ಮುಂದೆ ನಿಂತೆ. ಅದು ಮೂಸಿತು, ಅನುಮಾನಪಟ್ಟಿತು, ಮತ್ತೊಮ್ಮೆ ಮೂಸಿತು. ಆಮೇಲೆ ನನ್ನ ಕಿವಿಯಿಂದ ನೆಕ್ಕಲು ಶುರು ಮಾಡಿತು. ಹಿಂದೆ ಹಾಲಿನ ಸಪ್ಪಳ ಕೇಳಿಸಿದಾಗ ಜೀವ ಬಂದಂತಾಯಿತು. ಅಷ್ಟರಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ಎರಡು ಕಿರ್‍ರುಗುಟ್ಟುವ ಜೋಡು ಬಂದು ನಿಂತವು.

"ಅಳಿಯಂದ್ರು ಎಲ್ಲ್ಯದಾರ?" ಎಂದರು ಮಾವ.

ಅವ್ವ ಮುಖ ಎತ್ತಲಿಲ್ಲ. ನಾನೇ ತೊಗಲಿನೊಳಗಿಂದ, "ಬರ್ರಿ ಮಾವ, ಇಲ್ಲೇ ಅದೀನಿ," ಅಂದೆ.

"ಅಲ್ಲೇನು ಮಾಡಾಕತ್ತೀರಿ?"

"ಅವ್ವ ಹಾಲು ಹಿಂಡಾಕತ್ತ್ಯಾಳ್ರಿ."

"ಅದು ಕಾಣತೈತಿ. ನೀವೇನು ಮಾಡಾಕತ್ತೀರಿ?"

"ನಾನು ಕರು ಆಗೀನ್ರಿ."

ಮಾವ ಪಡಸಾಲೆಗೆ ಬಂದು ಕುಳಿತರು. ಕೊಟ್ಟ ಹಾಲು ಕುಡಿದರು, ಮೀಸೆ ಒರೆಸಿಕೊಂಡರು, ಹೊರಡುವಾಗ ಹೇಳಿದರು: "ಹಾಲೈತಿ, ಒಪ್ಪಿದೆ. ನೀರು ನೋಡಾಕ ಇನ್ನೊಮ್ಮಿ ಬರ್ತೀನಿ. ಆವಾಗ ಮನುಷ್ಯಾರಾಗೇ ಸಿಗ್ರಿ."

ಬಾವಿಯ ಚಟ

ನಾವು ಬಾವಿಯಿಂದ ನೀರೆತ್ತುತ್ತಿದ್ದದ್ದು ಕಪಿಲೆಯಿಂದ. ದೊಡ್ಡ ತೊಗಲಿನ ಚೀಲ, ಅದಕ್ಕೆ ಹಗ್ಗ, ಹಗ್ಗ ಎಳೆಯಲು ಎತ್ತು. ನಮ್ಮ ಬಾವಿಯಲ್ಲಿ ಆ ಬೇಸಿಗೆಯಲ್ಲೂ ಎರಡಾಳುದ್ದ ನೀರಿತ್ತು, ದಿನಾ ಬೆಳಿಗ್ಗೆ ಕಪಿಲೆ ಹೊಡೆಯುತ್ತಿದ್ದೆ. ಆದರೆ ಮಾವ ಹೇಳದೆ ಕೇಳದೆ ಬಂದ ದಿನ ಆ ಚೀಲ ಹರಿದು ಹೊಲಿಸಲು ಊರಿಗೆ ಹೋಗಿತ್ತು. ಎರಡು ದಿನದ ಬಿಸಿಲಿಗೆ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು.

ಚೀಲ ಹರಿದಿದೆ ಎಂದರೆ ನಂಬುವ ಆಸಾಮಿಯಲ್ಲ ಅವರು. ತೋಟದ ಕೆಲಸಕ್ಕೆ ಬರುತ್ತಿದ್ದ ಮುದುಕಿಗೆ ಕಣ್ಸನ್ನೆ ಮಾಡಿದೆ. ಬಾವಿಯ ಪಕ್ಕದ ಕಲ್ಲಿನ ತೊಟ್ಟಿ ತುಂಬಿತ್ತು. ಅವಳು ಕರಿಬೇವಿನ ಗಿಡದ ಮರೆಯಲ್ಲಿ ನಿಂತು ಅದರಿಂದ ಕೊಡ ಕೊಡ ತುಂಬಿ ಕಾಲುವೆಗೆ ಸುರಿಯಬೇಕು, ನಾನು ಮಾವನನ್ನು ಕೆಳಗಿನ ಸಾಲಿನಲ್ಲಿ ಮಾತಾಡಿಸುತ್ತ ನಿಲ್ಲಿಸಿಕೊಳ್ಳಬೇಕು.

ಒಂದೊಂದು ಗಿಡದ ಚರಿತ್ರೆಯನ್ನೂ ಹೇಳಿದೆ. ಕೊನೆಗೆ ನೀರು ಬಂತು. ಮಾವ ಜೋಡು ಬಿಟ್ಟು ಕಾಲು ತೊಳೆದುಕೊಂಡರು, ಅವರ ಮುಖವೂ ಸಡಿಲವಾಯಿತು. ನಾನು ಮನಸ್ಸಿನಲ್ಲೇ ತೊಟ್ಟಿಲು ಕಟ್ಟಿಬಿಟ್ಟೆ. ಇನ್ನೇನು, ಅವರು ಮುಖ ತೊಳೆಯಲು ಬಗ್ಗಿದಾಗ ನೀರು ನಿಂತುಹೋಯಿತು.

ಕಾದರು. ಬರಲಿಲ್ಲ. ನಾನು ಒಂಬತ್ತನೇ ಗಿಡದ ಕಥೆ ತೆಗೆದೆ. ಅವರು ಕೇಳಿಸಿಕೊಳ್ಳದೆ ಕಾಲುವೆ ಹಿಡಿದು ಮೇಲೆ ನಡೆದರು. ನಾನು ಹಿಂದೆ ಓಡಿದೆ. ಗಿಡದ ಮರೆಯಲ್ಲಿ ಮುದುಕಿ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ನಿಧಾನವಾಗಿ ಎಲೆಗೆ ಸುಣ್ಣ ಸವರುತ್ತಿದ್ದಳು.

ಮಾವ ನನ್ನ ಕಡೆ ತಿರುಗಿ ಹೇಳಿದರು: "ಅಳಿಯಂದ್ರ, ನಿಮ್ಮ ಬಾವಿ ಎಲಿ ಅಡಿಕಿ ಹಾಕ್ಕೊಳಾಕತ್ತೈತಿ ನೋಡ್ರಿ."

ನಿಜ ಹೇಳಿದೆ, ಬಾವಿ ಬಗ್ಗಿ ನೋಡಿ ಎಂದು ಕೈ ಮುಗಿದೆ. "ಒಂದಿನ ನೀರು ಯಾರಾದ್ರೂ ತೋರಸ್ತಾರ," ಎಂದರು ಅವರು. "ನೀವು ದಿನಾ ಕಪಿಲಿ ಹೊಡಿತೀರಿ ಅಂಬೋದಕ್ಕ ಏನೈತಿ ಗುರುತು?"

ಬಸ್ಸಿನಲ್ಲಿ ಅಂಜೂರ

ಹಣ್ಣು ನೋಡಿದರೆ ನಂಬಬಹುದು ಎಂದು ಅವ್ವ ಉಪಾಯ ಹೇಳಿದಳು. ಒಂದು ಬುಟ್ಟಿ ಮಾಗಿದ ಅಂಜೂರ ಹಿಡಿದು, ಬಾಣಂತಿಗೆಂದು ಒಂದು ಕೋಳಿಯನ್ನೂ ಕಾಲು ಕಟ್ಟಿ ಹಿಡಿದು ಬಳ್ಳಾರಿಗೆ ಹೋಗಿ, ಸಿರಿಗೇರಿ ಕಡೆ ಹೋಗುವ ಸಿರುಗುಪ್ಪದ ಬಸ್ಸು ಹತ್ತಿದೆ. ಇದ್ದಿಲು ಸುಟ್ಟು ಓಡುತ್ತಿದ್ದ ಬಸ್ಸು ಅದು. ಏರು ಬಂದಲ್ಲೆಲ್ಲ ಕಂಡಕ್ಟರು "ಅಂದರೂ ದಿಗಂಡಿ" ಎಂದು ತೆಲುಗಿನಲ್ಲಿ ಎಲ್ಲರನ್ನೂ ಇಳಿಸಿ ನೂಕಿಸುತ್ತಿದ್ದ. ಬುಟ್ಟಿಯನ್ನೂ ಕೋಳಿಯನ್ನೂ ಸೀಟಿನ ಮೇಲೆ ಬಿಟ್ಟು ನಾನೂ ಮೂರು ಸಲ ಇಳಿದು ನೂಕಿದೆ. ಹಣ್ಣು ಬಿಸಿಲಿಗೆ ಕೆಡದಿದ್ದರೆ ಸಾಕೆಂಬುದೊಂದೇ ಚಿಂತೆ.

ಸಿರಿಗೇರಿಯಲ್ಲಿ ಮಾವನ ಮುಂದೆ ಬುಟ್ಟಿಯ ಅರಿವೆ ತೆಗೆದೆ. ತಳದಲ್ಲಿ ನಾಲ್ಕು ತೊಟ್ಟು, ಒಂದಿಷ್ಟು ಬೀಜ. ಕೋಳಿಯ ಕಾಲು ಕಟ್ಟಿದ್ದೆ, ಕೊಕ್ಕು ಕಟ್ಟಿರಲಿಲ್ಲ.

ಒಳಗಿನಿಂದ ಹೆಂಡತಿ ಕೂಸನ್ನು ತಂದು ಕೈಗೆ ಕೊಟ್ಟಳು. ಅದು ನನ್ನ ಹೆಬ್ಬೆರಳು ಹಿಡಿದುಕೊಂಡು ಬಿಡಲಿಲ್ಲ. ಹಾಗೇ ಎತ್ತಿಕೊಂಡು ಕುರುಗೋಡಿಗೆ ಓಡಿಬಿಡೋಣ ಅನ್ನಿಸಿತು, ಕಣ್ಣಲ್ಲಿ ನೀರು ಬಂತು. ಅತ್ತೆ ಅದನ್ನು ನೋಡಿ, "ಐದರಾಗ ಕಳಿಸೇ ಬಿಡೂಣು. ಬರೋ ಸೋಮವಾರ ಗಾಡಿ ತರ್ರಿ," ಎಂದರು.

ಮಾವ ಕೋಳಿಯನ್ನು ಎತ್ತಿ ತೂಕ ನೋಡಿದರು. "ಇವರ ತೋಟದ ಫಸಲೆಲ್ಲ ಇದರ ಹೊಟ್ಟ್ಯಾಗೇ ಐತಿ," ಎಂದರು.

ಗಾಲಿಗೆ ನೀರು

ಸೋಮವಾರ ನನ್ನವೇ ಎತ್ತು ಹೂಡಿಕೊಂಡು ಗಾಡಿ ತಂದೆ. ದಾರಿಯುದ್ದಕ್ಕೂ ಎತ್ತು ಬಂಗಾರದಂತೆ ನಡೆದವು. ಐದನೇ ತಿಂಗಳು ಮುಗಿಯಲು ಉಳಿದದ್ದು ಎರಡೇ ದಿನ, ಅವೆರಡೂ ಒಳ್ಳೆಯ ದಿನವಲ್ಲ. ಮಾವ ಮುಖ ಗಂಟು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಹೆಂಡತಿ ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಓಣಿಯ ಹೆಂಗಸರೆಲ್ಲ ಅತ್ತು ಮುಗಿಸಿದರು. ಮಗಳು ಹೊರಡುವಾಗ ತಾಯಿ ಗಾಡಿಯ ಗಾಲಿಗೆ ಒಂದು ಕೊಡ ನೀರು ಹಾಕುವುದು ಅವರ ಮನೆಯ ಪದ್ಧತಿ. ನಾನು ಎತ್ತಿನ ಬೆನ್ನು ತಟ್ಟಿದೆ, ಅತ್ತೆ ನೀರು ಸುರಿದರು.

ಎತ್ತು ಗಕ್ಕನೆ ನಿಂತು, ಹಿಂದೆ ಹಿಂದೆ ನಡೆದು, ಗಾಡಿಯನ್ನು ಮತ್ತೆ ಬಾಗಿಲಿಗೆ ತಂದು ನಿಲ್ಲಿಸಿದವು.

ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ನೀರು ಸಾಲದಾಯಿತೇನೋ ಎಂದು ಅತ್ತೆ ಇನ್ನೂ ದೊಡ್ಡ ಕೊಡ ತಂದರು. ಎತ್ತು ನಾಲ್ಕು ಹೆಜ್ಜೆ ಮುಂದೆ ಹೋದವು, ನೀರು ಬಿತ್ತು, ಈ ಸಲ ಇನ್ನೂ ಜೋರಾಗಿ ಹಿಂದೆ ಬಂದವು. ಗಾಡಿ ಕಟ್ಟೆಗೆ ಬಡಿಯಿತು, ಮಾವ ಕಾಲು ಮೇಲೆತ್ತಿಕೊಳ್ಳಬೇಕಾಯಿತು.

"ಮೂಕ ಪ್ರಾಣಿಗೂ ತಿಳೀತು," ಎಂದರು ಮಾವ. "ಇಳಸ್ರಿ ಕೂಸಿನ್ನ."

ಕಾರಣ ನನಗೆ ಹೊಳೆದಿತ್ತು. ಕಪಿಲೆಯ ಎತ್ತು ಇಳಿಜಾರಿನಲ್ಲಿ ಮುಂದೆ ನಡೆದು ಹಗ್ಗ ಎಳೆಯುತ್ತವೆ. ಚೀಲ ಮೇಲೆ ಬಂದು ನೀರು ಸುರಿದ ಸಪ್ಪಳ ಬೆನ್ನ ಹಿಂದೆ ಕೇಳಿದ ಕೂಡಲೇ ಹಿಂದೆ ಹಿಂದೆ ನಡೆದು ಚೀಲವನ್ನು ಬಾವಿಗೆ ಇಳಿಸುತ್ತವೆ. ಇದೊಂದನ್ನೇ ನನ್ನ ಎತ್ತು ದಿನಕ್ಕೆ ನೂರು ಸಲ ಮಾಡುತ್ತಿದ್ದವು. ಆದರೆ ನಿಮ್ಮ ಶುಭದ ನೀರೇ ಕೆಲಸ ಕೆಡಿಸಿತು ಎಂದು ಅತ್ತೆಗೆ ಹೇಳುವುದು ಹೇಗೆ? ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು, ಇಳಿಯಲಿಲ್ಲ.

ಮಾವ ಕಟ್ಟೆಯಿಂದ ಇಳಿದು ಬಂದರು. ಮಗಳ ಕಡೆ ಬರುತ್ತಾರೆಂದುಕೊಂಡೆ. ಅವರು ಎತ್ತನ್ನೇ ದಿಟ್ಟಿಸುತ್ತ, ಅತ್ತೆಯ ಕೈಯಿಂದ ಕೊಡ ತೆಗೆದುಕೊಂಡು, ತಳದಲ್ಲಿ ಉಳಿದಿದ್ದ ನೀರನ್ನು ನೆಲಕ್ಕೆ ಸುರಿದರು. ಎತ್ತು ಮೂರು ಹೆಜ್ಜೆ ಹಿಂದೆ ಸರಿದವು.

"ಹೊತ್ತು ಮೂಡೂದಕಿಂತ ಮುಂಚೇನೇ ಹೂಡತೀರೇನು?"

"ಹೌದ್ರಿ ಮಾವ. ಬಿಸಿಲೇರೋತನ."

"ಒಣ ಬಾವಿ ಎತ್ತಿಗೆ ಈ ರೂಢಿ ಬರಾಂಗಿಲ್ಲ," ಎಂದರು ಮಾವ. ಮೂರು ತಿಂಗಳಲ್ಲಿ ಮೊದಲ ಸಲ ಅವರ ಹಲ್ಲು ಕಂಡೆ. "ನೀರೈತಿ. ಹೋಗಿ ಬರ್ರಿ."

ನನಗೆ ಅಳುವಷ್ಟು ಸಂತೋಷವಾಯಿತು. ಆದರೆ ಅತ್ತೆ ಒಪ್ಪಬೇಕಲ್ಲ. ಗಾಡಿ ಮುಂದೆ ಹೋಗದೆ ಎರಡು ಕೊಡ ನೀರು ವ್ಯರ್ಥವಾಗಿದೆ, ಮತ್ತೆ ಗಾಲಿಗೆ ನೀರು ಹಾಕದೆ ಮಗಳನ್ನು ಕಳಿಸುವುದಿಲ್ಲ ಎಂದು ಪಟ್ಟು ಹಿಡಿದರು. ನೀರು ಹಾಕಿದರೆ ಎತ್ತು ಹೋಗುವುದಿಲ್ಲ, ಹಾಕದಿದ್ದರೆ ಅತ್ತೆ ಬಿಡುವುದಿಲ್ಲ. ಓಣಿಯವರೆಲ್ಲ ಒಂದೊಂದು ಸಲಹೆ ಕೊಟ್ಟರು.

ಕೊನೆಗೆ ಮಾವನೇ, "ಗಾಡಿ ತಿರುವ್ರಿ," ಎಂದರು.

ಎತ್ತಿನ ಮುಖವನ್ನು ಮಾವನ ಮನೆಯ ಕಡೆ ತಿರುಗಿಸಿ ನಿಲ್ಲಿಸಿದೆವು. ಅತ್ತೆ ಸಮಾಧಾನವಾಗಿ ಮೂರನೇ ಕೊಡ ಸುರಿದರು. ಎತ್ತು ಶಿಸ್ತಾಗಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಓಣಿಯ ತಿರುವು ದಾಟಿದವು. ಸಿರಿಗೇರಿಯಲ್ಲಿ ತವರಿಗೆ ಬೆನ್ನು ಹಾಕದೆ ಗಂಡನ ಮನೆಗೆ ಹೊರಟ ಮಗಳು ನನ್ನ ಹೆಂಡತಿಯೊಬ್ಬಳೇ.