ಹಬ್ಬಕ್ಕೊಂದು ಆಫರು, ಆಫರಿಗೊಂದು ಪಜೀತಿ

ಹುಣಸೂರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಹೊಗೆಸೊಪ್ಪು ಮಾರಾಟವಾಗುವ ತಿಂಗಳು ಬಿಟ್ಟರೆ ಮಿಕ್ಕ ದಿನ ಜನ ನನ್ನ ಬೋರ್ಡು ನೋಡಿಕೊಂಡೇ ಮೈಸೂರಿನ ಬಸ್ಸು ಹತ್ತುತ್ತಾರೆ. ಅವರನ್ನು ಹೇಗಾದರೂ ಇಳಿಸಬೇಕೆಂದು ಹಬ್ಬಕ್ಕೊಂದು, ಮಳೆಗೊಂದು ಆಫರ್ ಹಾಕುತ್ತೇನೆ. ಹಾಕಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ‘ರೀ, ಸುಮ್ನೆ ಬಾಗ್ಲು ತೆಗೆದು ಕೂತ್ಕೊಂಡ್ರೆ ಸಾಲ್ದಾ?’ ಎಂದು ಹೆಂಡತಿ ಪ್ರತಿ ಸಲವೂ ಕೇಳುತ್ತಾಳೆ. ಪ್ರತಿ ಸಲವೂ ಸಾಲದು ಎನ್ನುತ್ತೇನೆ.

ಬಾದಾಮಿ ಹಾಲು

ಒಂದು ಬೇಸಿಗೆಯಲ್ಲಿ ರಂಜಾನ್ ಬಂತು. ಹಬ್ಬದ ಬಟ್ಟೆಗೆ ಮುಸ್ಲಿಂ ಮನೆಯವರೆಲ್ಲ ನನ್ನ ಅಂಗಡಿಗೇ ಬರಲಿ ಎಂದು ದೊಡ್ಡ ಬೋರ್ಡು ಬರೆಸಿದೆ: ‘ರಂಜಾನ್ ವಿಶೇಷ. ಮಧ್ಯಾಹ್ನ ಬರುವ ಗ್ರಾಹಕರಿಗೆ ತಣ್ಣನೆಯ ಬಾದಾಮಿ ಹಾಲು ಉಚಿತ.’

ಪಕ್ಕದ ಮಳಿಗೆಯಲ್ಲಿ ಬಟ್ಟೆ ಹೊಲಿಯುವ ಭಾಯಿ ಬಂದು ಬೋರ್ಡನ್ನು ಎರಡು ಸಲ ಓದಿದರು.

‘ಅಣ್ಣಾ, ನಿಮ್ ಮನಸು ಒಳ್ಳೇದು. ಆದ್ರೆ ಹಗಲೊತ್ತು ನಮ್ಮೋರು ನೀರೂ ಮುಟ್ಟಾಕಿಲ್ಲ, ಉಪವಾಸ.’

ಅಷ್ಟು ಹೊತ್ತಿಗೆ ಡೈರಿಯವನಿಗೆ ತಿಂಗಳಿಡೀ ಹಾಲು ತಂದುಕೊಡಲು ಹೇಳಿಯಾಗಿತ್ತು. ಬೇಡವೆನ್ನಲು ನಾಚಿಕೆ. ದಿನಾ ನಾನೇ ಕುಡಿದೆ. ಹಬ್ಬಕ್ಕೆ ಎರಡು ದಿನ ಇರುವಾಗ, ಬಿಗಿಯಾದ ಶರ್ಟು ಹಿಡಿದುಕೊಂಡು ಭಾಯಿ ಹತ್ತಿರವೇ ಹೋದೆ.

ಅವರು ಕನ್ನಡಕದ ಮೇಲಿನಿಂದ ನನ್ನ ಹೊಟ್ಟೆ ನೋಡಿದರು. ‘ಈ ತಿಂಗ್ಳು ಬಟ್ಟೆ ಸಡಿಲ ಮಾಡ್ಸಾಕೆ ಬಂದಿರೋರು ನೀವೊಬ್ರೇ ಅಣ್ಣಾ’ ಎಂದರು.

ಮಳೆ ಬಂದರೆ ಕೊಡೆ

ಮುಂಗಾರಿಗೆ ಬೇರೆಯದೇ ಯೋಚನೆ: ‘ಮಳೆ ಸುರಿಯುವಾಗ ಬಟ್ಟೆ ಕೊಂಡವರಿಗೆ ಒಂದು ಕೊಡೆ ಉಚಿತ.’

ಜನ ಬಂದರು. ಆದರೆ ನನ್ನ ಅಂಗಡಿಗಲ್ಲ, ಎದುರಿನ ಹೋಟೆಲಿಗೆ. ಅಲ್ಲಿ ಕೂತು ಇಡ್ಲಿ ತಿಂದು, ಕಾಫಿ ಕುಡಿದು, ಮೋಡ ನೋಡುತ್ತಾ ಮಳೆಗೆ ಕಾಯುತ್ತಿದ್ದರು. ನಾಲ್ಕನೇ ದಿನ ಕಡೆಗೂ ಮಳೆ ಬಂತು, ರಸ್ತೆ ಕಾಣದಷ್ಟು ಜೋರಾಗಿ. ಒಬ್ಬರೂ ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೈಬೀಸಿ ಕರೆದೆ.

‘ಎಂಗ್ ಬರೋದು ಸ್ವಾಮಿ? ಕೊಡೆ ಇಲ್ವಲ್ಲ’ ಎಂದು ಅಲ್ಲಿಂದಲೇ ಒಬ್ಬ ಕೂಗಿದ.

ಸಂಜೆ ಹೋಟೆಲಿನವನು ಬಿಸಿ ವಡೆ ಕಟ್ಟಿಸಿಕೊಂಡು ಬಂದ. ‘ಬೋರ್ಡು ಇನ್ನೊಂದು ತಿಂಗ್ಳು ಇರ್ಲಿ ಬುಡಿ ಅಣ್ಣ. ನಮಗೆ ಯಾಪಾರ ಚೆನ್ನಾಗದೆ.’

ಅತ್ತೆ-ಸೊಸೆ ಜೋಡಿ

ಆಷಾಢದಲ್ಲಿ ಮದುವೆಯಿಲ್ಲ, ಜವಳಿಯಿಲ್ಲ. ಖಾಲಿ ಕೂರುವ ಬದಲು ‘ಅತ್ತೆ-ಸೊಸೆ ಜೊತೆಯಾಗಿ ಬಂದರೆ ಒಂದು ಸೀರೆಗೆ ಒಂದು ಉಚಿತ’ ಎಂದು ಹಾಕಿದೆ.

ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ರಾವಂದೂರಿನ ತವರಿನಿಂದ ಬಂದು ಒಳಗೆ ಕೂತಳು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯಿಂದ ಬಂದ ಅವಳ ಅತ್ತೆ ರಸ್ತೆಯಲ್ಲೇ ನಿಂತರು.

‘ಒಳಕ್ಕೆ ಬನ್ನಿ ತಾಯಿ’ ಎಂದೆ.

‘ನೀನೊಳ್ಳೆ ಕಣಪ್ಪ. ಆಸಾಡದಾಗೆ ಅತ್ತೆ ಸೊಸೆ ಒಂದೇ ಒಸ್ಲು ದಾಟ್ಬಾರ್ದು ಅಂತ ನಿಂಗೆ ಯಾರೂ ಯೇಳ್ನಿಲ್ವಾ? ಸೀರೆ ಇಲ್ಲಿಗೇ ತಗಬಾ.’

ಸೊಸೆ ಒಳಗೆ ಒಪ್ಪಿದ್ದನ್ನು ಹೊತ್ತುಕೊಂಡು ಹೊರಗೆ ಹೋದೆ. ಅತ್ತೆ ಬೇಡವೆಂದರು. ಅತ್ತೆ ಒಪ್ಪಿದ್ದನ್ನು ಒಳಗೆ ತಂದೆ. ಸೊಸೆ ಮೂತಿ ತಿರುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಅಂಗಡಿ ಫುಟ್‌ಪಾತಿನ ಮೇಲಿತ್ತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬೈಕು ನಿಲ್ಲಿಸಿ, ಬಹಳ ಮೆತ್ತಗೆ ಕೇಳಿದರು: ‘ಮಳಿಗೆ ಖಾಲಿ ಮಾಡ್ತಿದ್ದೀರಾ? ನಮ್ಮ ಭಾಮೈದಂಗೆ ಬೇಕಿತ್ತು.’

ಕರೆತನ್ನಿ

ಪಿತೃಪಕ್ಷ ಬಂದರೆ ನಮ್ಮ ಕಡೆ ಹಿರಿಯರ ಹಬ್ಬ ಮಾಡಿ, ತೀರಿಕೊಂಡ ಹಿರಿಯರ ಫೋಟೊ ಮುಂದೆ ಎಡೆ ಇಡುತ್ತಾರೆ. ಎಡೆಯ ಜೊತೆ ಅವರಿಗೆಂದು ಹೊಸ ಪಂಚೆ, ಸೀರೆ ಇಡುವುದೂ ಉಂಟು. ಆ ವರ್ಷ ವ್ಯಾಪಾರ ತೀರಾ ಬಿದ್ದುಹೋಗಿತ್ತು. ಈ ಹಬ್ಬವೂ ಕೈಕೊಟ್ಟರೆ ಅಂಗಡಿ ಮುಚ್ಚುವ ಮಾತೇ ಎಂದು ನಾವಿಬ್ಬರೂ ಒಳಗೊಳಗೇ ಹೆದರಿದ್ದೆವು. ಪ್ರಚಾರಕ್ಕೆ ಆಟೋ ಬಿಟ್ಟೆ. ಉಗಾದಿಗೆ ನನ್ನ ದನಿಯಲ್ಲೇ ಮಾಡಿಸಿದ್ದ ಹಳೆಯ ರೆಕಾರ್ಡಿಂಗ್ ಒಂದಿತ್ತು, ಅದರಲ್ಲಿ ‘ಉಗಾದಿ ಹಬ್ಬಕ್ಕೆ’ ಎಂಬಲ್ಲಿ ‘ಹಿರಿಯರ ಹಬ್ಬಕ್ಕೆ’ ಎಂದು ಬದಲಿಸಿಕೊಟ್ಟೆ. ಮಿಕ್ಕಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಮೂರು ದಿನ ಆ ಆಟೋ ಪಿರಿಯಾಪಟ್ಟಣದ ಹಳ್ಳಿಗಳನ್ನೆಲ್ಲ ಸುತ್ತಿತು.

ಮಾರನೆಯ ದಿನ ಕಂಪಲಾಪುರದ ಒಬ್ಬ ರೈತರು ಬಂದರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿ ಕುರ್ಚಿಯ ಮೇಲೆ ನಿಲ್ಲಿಸಿದರು. ಗಂಧದ ಹಾರ ಹಾಕಿದ ಫೋಟೊ, ದಪ್ಪ ಮೀಸೆಯ ಮುದುಕರು.

‘ನಮ್ಮಪ್ಪ’ ಎಂದರು.

ಕೈ ಮುಗಿದೆ. ‘ಇವ್ರನ್ನ ಯಾಕೆ ಇಲ್ಲಿಗೆ ತಂದ್ರಿ ಗೌಡ್ರೇ?’

‘ನೀವೇ ಅಲ್ವಾ ಮೈಕಲ್ಲಿ ಯೇಳಿದ್ದು? ಇರೀಕರ ಅಬ್ಬಕ್ಕೆ ಯಾರಿಗೆ ಬಟ್ಟೆ ತಗತೀರೋ ಅವ್ರನ್ನೇ ಜೊತೇಲಿ ಕರ್ಕೊಂಡು ಬನ್ನಿ, ಯಿಸೇಸ ರಿಯಾಯ್ತಿ ಅಂತ. ಅದೇ ನಿಮ್ ದನಿ.’

ಹೆಂಡತಿ ಸೀರೆ ಕಪಾಟಿನ ಹಿಂದೆ ಹೋಗಿ ಬಾಯಿಗೆ ಸೆರಗು ಅದುಮಿಕೊಂಡಳು. ಅವರು ಹಾಸ್ಯ ಮಾಡುತ್ತಿದ್ದಾರೋ ನಿಜವಾಗಿ ಹೇಳುತ್ತಿದ್ದಾರೋ ಮುಖ ನೋಡಿದರೆ ಗೊತ್ತಾಗಲಿಲ್ಲ. ಕೊಟ್ಟ ಮಾತು, ತಪ್ಪುವ ಹಾಗಿಲ್ಲ. ಫೋಟೊದ ಮುಂದೆಯೇ ಪಂಚೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದೆ. ಅಗಲ ಅಂಚಿನದೊಂದು ಅವರಿಗೆ ಒಪ್ಪಿತು. ರಿಯಾಯಿತಿ ಕಳೆದು ಬಿಲ್ಲು ಬರೆಯಲು ಕೂತೆ.

‘ಈಗ್ಲೇ ಬಿಲ್ ಯಾಕೆ, ಇರಿ’ ಎಂದು ಅವರು ಎದ್ದರು. ‘ಅವ್ವ, ತಾತ, ಅಜ್ಜಿ, ಮೂರು ಜನಾನೂ ಆಟೋದಲ್ಲೇ ಕೂತವ್ರೆ. ಕರ್ಕ ಬತ್ತೀನಿ.’